ಕಂದಿದ ಹಿತ್ತಾಳೆ ಕೆಟ್ಟ ಹಿತ್ತಾಳೆಯಲ್ಲ

ಹೊಸ ಬಾಗಿಲಿಗೆ ಹಾಕಿಸಿದ ಹಿತ್ತಾಳೆ ಚಿಲಕ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಂಕಾದರೆ ‘ತುಕ್ಕು ಹಿಡೀತು, ಅಂಗಡಿಯವನು ಮೋಸ ಮಾಡಿದ’ ಎನ್ನುವವರೇ ಹೆಚ್ಚು. ತುಕ್ಕು ಹಿಡಿಯುವುದು ಕಬ್ಬಿಣಕ್ಕೆ. ಹಿತ್ತಾಳೆಯಲ್ಲಿರುವುದು ತಾಮ್ರ ಮತ್ತು ಸತು. ಲ್ಯಾಕರ್ ಎಂಬ ಪಾರದರ್ಶಕ ಲೇಪ ಬಳಿಯದ ಹಿತ್ತಾಳೆಗೆ ಗಾಳಿ ತಾಗಿದಾಗ ಮೇಲ್ಮೈಯ ತಾಮ್ರವು ಆಮ್ಲಜನಕ, ಗಂಧಕದೊಡನೆ ಸೇರಿ ತೆಳುವಾದ ಕಂದು ಪದರವಾಗುತ್ತದೆ. ತುಕ್ಕು ಪುಡಿಯಾಗಿ ಉದುರುತ್ತಾ ಒಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಈ ಪದರ ಹಾಗಲ್ಲ, ಲೋಹಕ್ಕೆ ಅಂಟಿಕೊಂಡು ಮುಂದಿನ ಸವೆತವನ್ನು ನಿಧಾನಗೊಳಿಸುತ್ತದೆ. ಹಳೆಯ ಮನೆಯ ಬಾಗಿಲ ಹಿಡಿಯನ್ನು ಹತ್ತಿರದಿಂದ ನೋಡಿ: ಬೆರಳು ತಾಗುವಲ್ಲಿ ಹೊನ್ನಿನ ಹೊಳಪು, ಕೆತ್ತನೆಯ ಸಂದಿಯಲ್ಲಿ ಕಡುಕಂದು. ಆ ಚೆಲುವನ್ನು ಯಾವ ಪಾಲಿಶ್ ಕೂಡ ಕೊಡಲಾರದು.

ಹಸಿರು ಕಿಲುಬಿನ ಮಾತು ಬೇರೆ. ತೇವ ನಿಂತಲ್ಲಿ, ಕರಾವಳಿಯ ಉಪ್ಪುಗಾಳಿಯಲ್ಲಿ ಅದು ಬೇಗ ಏಳುತ್ತದೆ. ಅದನ್ನು ಒರೆಸಿ ತೆಗೆಯಲೇಬೇಕು.

‘ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದಷ್ಟೂ ಒಳ್ಳೆಯದು’ ಎಂಬ ನಂಬಿಕೆ ಬಂದದ್ದು ಪೂಜೆಯ ಪಾತ್ರೆಗಳಿಂದ. ಚೊಂಬನ್ನು ತಿಕ್ಕಿದ ಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆಯಬಹುದು. ಮರಕ್ಕೆ ಬಿಗಿದ ಚಿಲಕವನ್ನು ಹಾಗೆ ತೊಳೆಯಲಾಗದು. ಸಂದಿಯಲ್ಲಿ ಉಳಿದ ಹುಳಿ, ಉಪ್ಪು ಸತುವನ್ನು ಕರಗಿಸಿ ಗುಲಾಬಿ ಬಣ್ಣದ ಕಲೆ ಬಿಡುತ್ತವೆ. ಕಿಲುಬೂ ಬೇಗ ಮರಳುತ್ತದೆ.

ಗಾಜು ಒರೆಸುವ ದ್ರಾವಣ ಹಿತ್ತಾಳೆಗೂ ಆಗುತ್ತದೆ ಎಂದುಕೊಳ್ಳುವುದು ಇನ್ನೂ ಅಪಾಯ. ಇಂಥ ಹಲವು ದ್ರಾವಣಗಳಿಗೆ ಅಮೋನಿಯಾ ಬೆರೆಸಿರುತ್ತಾರೆ. ಅದು ಹಿತ್ತಾಳೆಯಲ್ಲಿ ಬಿರುಕು ಮೂಡಿಸಬಲ್ಲದು. ಬ್ರಿಟಿಷರ ಕಾಲದಲ್ಲಿ ಭಾರತದ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ಕಾಡತೂಸುಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕುಬಿಡುತ್ತಿದ್ದವು. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗಿತ, ಇವೆರಡೂ ಸೇರಿ ಹೀಗಾಗುತ್ತದೆಂದು 1921ರಲ್ಲಿ ಗೊತ್ತಾಯಿತು.

ಲ್ಯಾಕರ್ ಹೊಡೆಸಿದರೆ ಚಿಂತೆಯಿಲ್ಲ ಎಂಬುದೂ ಅರ್ಧ ಸತ್ಯ. ಒಂದು ಗೀರು ಬಿದ್ದರೆ ತೇವ ಒಳಗಿಳಿದು ಪದರದ ಅಡಿಯಲ್ಲೇ ಕಲೆ ಹರಡುತ್ತದೆ. ಸರಿಮಾಡಲು ಇಡೀ ಪದರವನ್ನು ತೆಗೆಯಬೇಕಾಗುತ್ತದೆ.

ಹಾಗಾದರೆ ಆರೈಕೆ ಏನು? ಮೆದು ಬಟ್ಟೆ, ಬೇಕಾದಾಗ ಸ್ವಲ್ಪ ಸಾಬೂನು ನೀರು, ಒಡನೆ ಒಣಗುವಂತೆ ಒರೆಸುವುದು. ಕರಾವಳಿಯವರು ತೆಳುವಾಗಿ ಜೇನುಮೇಣ ಸವರಬಹುದು. ಚಿಲಕದ ಕೆಳಗೆ ಮರದ ಮೇಲೆ ತುಕ್ಕಿನ ಕೆಂಪು ಗೆರೆ ಇಳಿದಿದ್ದರೆ ಅಯಸ್ಕಾಂತ ಹಿಡಿದು ನೋಡಿ. ಚಿಲಕಕ್ಕೇ ಅಂಟಿದರೆ ಅದು ಹಿತ್ತಾಳೆ ಲೇಪಿಸಿದ ಕಬ್ಬಿಣ. ಸ್ಕ್ರೂಗೆ ಮಾತ್ರ ಅಂಟಿದರೆ ಅದನ್ನು ತೆಗೆಸಿ ಹಿತ್ತಾಳೆಯದೇ ಹಾಕಿಸಿ. ಹಿತ್ತಾಳೆ ಸ್ಕ್ರೂ ಮೆದು, ತಲೆ ಬೇಗ ಮುರಿಯುತ್ತದೆ. ಆದ್ದರಿಂದ ಮೊದಲು ತೂತು ಕೊರೆದುಕೊಳ್ಳಲು ಬಡಗಿಗೆ ಹೇಳಿ.