ಕೊಳವೆಬಾವಿಯ ನೀರೂ ಬಗ್ಗಿದ ಬೆನ್ನೂ

ಕಂಬೈನಲ್ಲೂರು ಸೀಮೆಯ ರೈತಬಾಂಧವರಿಗೆ ಕೊಳವೆಬಾವಿಯ ವಿಚಾರವನ್ನು ನಾವು ಹೊಸದಾಗಿ ಹೇಳಬೇಕಾದುದಿಲ್ಲ. ಆಳಕ್ಕೆ ಇಳಿದಷ್ಟೂ ಕಲ್ಲು. ಕಲ್ಲಿನ ಸಂದಿಯಿಂದ ಬರುವ ನೀರಿನಲ್ಲಿ ಫ್ಲೋರೈಡ್. ಧರ್ಮಪುರಿ ಜಿಲ್ಲೆ ಈ ಪೀಡೆಗೆ ಬಹುಕಾಲದಿಂದ ಹೆಸರಾಗಿದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ಸಹಿಸಬಹುದು ಎಂಬುದು ಕಟ್ಟಳೆ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ದೊಡ್ಡವರಿಗೆ ಬೆನ್ನುಮೂಳೆ ಕೀಲುಗಳ ಬಿಗಿತ.

ಕುದಿಸಿದರೆ ಹೋದೀತೆಂದು ನಂಬುವವರುಂಟು. ಕುದಿಸಿದಷ್ಟೂ ನೀರು ಇಂಗಿ ಫ್ಲೋರೈಡ್ ಹೆಚ್ಚುವುದೇ ಹೊರತು ಹೋಗುವುದಿಲ್ಲ. 2013ರಲ್ಲಿ ಹೊಗೇನಕಲ್ಲಿನ ಕಾವೇರಿ ನೀರಿನ ಯೋಜನೆ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗಾಗಿ ಆರಂಭವಾಯಿತು. (ಅದಕ್ಕಾಗಿ 2008ರಲ್ಲಿ ಗಡಿಯ ಎರಡು ಕಡೆಯೂ ಎದ್ದ ಜಗಳ ಇಲ್ಲಿ ಬೇಡ.) ಆ ನೀರು ಬರುವಲ್ಲಿ ಕುಡಿಯಲೂ ಅಡಿಗೆಗೂ ಅದನ್ನೇ ಇಟ್ಟುಕೊಂಡು, ಕೊಳವೆಬಾವಿಯದನ್ನು ಬಟ್ಟೆಬರೆಗೆ ಬಳಸುವುದು ಲೇಸು.

ಆದರೆ ಈಗಾಗಲೇ ಬಗ್ಗಿದ ಬೆನ್ನು ನೀರು ಬದಲಾದ ಮಾತ್ರಕ್ಕೆ ನೆಟ್ಟಗಾಗದು. ಗುದ್ದಲಿ ಎತ್ತಲಾರದ, ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳಲಾರದ ಹಿರಿಯರು “ವಯಸ್ಸಾಯಿತು ಬಿಡಪ್ಪ” ಎಂದು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಾಗಿಲ್ಲವೆಂದೇ ನಾವಿದನ್ನು ಬರೆಯುತ್ತಿರುವುದು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವಿಕಲತೆಗಳನ್ನು ಎಣಿಸುತ್ತದೆ. 1995ರ ಹಳೆಯ ಕಾಯಿದೆಯಲ್ಲಿ ಏಳೇ ಇದ್ದವು. ಈ ಪಟ್ಟಿಯಲ್ಲಿ ಫ್ಲೋರೋಸಿಸ್ ಎಂಬ ಹೆಸರು ಸಿಗದು. ಆದರೆ ಮೂಳೆ, ಸ್ನಾಯು, ನರಗಳ ಕೆಡುಕಿನಿಂದ ನಡೆದಾಡಲೂ ವಸ್ತುಗಳನ್ನು ಎತ್ತಾಡಲೂ ಆಗದ ಚಲನ ವಿಕಲತೆ ಅದರಲ್ಲಿದೆ. ಆದುದರಿಂದ ಸರ್ಕಾರಿ ಆಸ್ಪತ್ರೆಯ ವೈದ್ಯರ ಮುಂದೆ “ನೀರಿನ ರೋಗ” ಎಂದಷ್ಟೇ ಹೇಳಿ ಬರಬಾರದು. ಬಗ್ಗಲಾರೆ, ಕತ್ತು ತಿರುಗಿಸಲಾರೆ, ಕೊಡ ಎತ್ತಲಾರೆ ಎಂದು ಒಂದೊಂದಾಗಿ ತೋರಿಸತಕ್ಕದ್ದು. ನೂರಕ್ಕೆ 40ರಷ್ಟಾದರೂ ವಿಕಲತೆ ಇದೆಯೆಂದು ಸರ್ಟಿಫಿಕೇಟು ದೊರೆತರೆ ಮುಖ್ಯ ಸೌಲಭ್ಯಗಳಿಗೆಲ್ಲ ಹಕ್ಕು ಬರುತ್ತದೆ. ಸರ್ಕಾರದ ಯೋಜನೆಗಳಲ್ಲಿ ಸಾಗುವಳಿ ಭೂಮಿ, ಮನೆ ಹಂಚುವಾಗ ಇಂಥವರಿಗೆ ನೂರಕ್ಕೆ 5 ಮೀಸಲು, ಅದರಲ್ಲೂ ಹೆಂಗಸರಿಗೆ ಆದ್ಯತೆ, ಎಂದು ಕಾಯಿದೆಯಲ್ಲಿಯೇ ಬರೆದಿದೆ. ಬೇಸಾಯಗಾರನ ಮಟ್ಟಿಗೆ ಇದಕ್ಕಿಂತ ದೊಡ್ಡ ಮಾತು ಅದರಲ್ಲಿ ಇನ್ನೊಂದಿಲ್ಲವೆಂದು ನಮಗೆ ತೋರುತ್ತದೆ.

ಧರ್ಮಪುರಿಯಲ್ಲಿ ವಿಚಾರಿಸುವಾಗ ಅಂಗವಿಕಲರ ಕಚೇರಿ ಎಂದರೆ ತಿಳಿಯದೆ ಹೋದೀತು. ತಮಿಳಿನಲ್ಲಿ “ಮಾಟ್ರುತ್ತಿರನಾಳಿಗಳ್” ಎನ್ನುತ್ತಾರೆ. ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ಅಹವಾಲು ಕೇಳುವ ದಿನ. ಶೇಕಡಾ ಕಡಮೆ ಬರೆದಿದ್ದಾರೆಂದು ಕಂಡರೆ ಮೇಲ್ಮನವಿಗೂ ಅವಕಾಶವುಂಟು. ಎಕ್ಸರೇ ತೆಗೆಸಿದ್ದರೆ, ಎಷ್ಟು ಹಳೆಯದಾದರೂ ಸರಿ, ಎಸೆಯದೆ ಜೊತೆಗೆ ಒಯ್ಯಿರಿ.