ಬಲೆ, ಬಳೆ ಮತ್ತು ಭಜನೆಯ ತಾಳ

ಬೀದರಿನಿಂದ ಔರಾದಕ್ಕೆ ಹೋಗುವ ದಾರಿಯಲ್ಲಿ ಸಂತಪುರ ಸಿಗುತ್ತದೆ. ಕನ್ನಡದ ಜತೆಗೆ ಮರಾಠಿ, ದಖನಿ ಉರ್ದು, ತೆಲುಗು ಕಿವಿಗೆ ಬೀಳುವ ಸೀಮೆ ಇದು. ಇಲ್ಲಿನ ಮನೆಯೊಂದರಲ್ಲಿ ಹುಟ್ಟುಕಿವುಡಿನ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಯಿತೆನ್ನಿ. ಮನೆಮಂದಿ ಮೊದಲು ಕೇಳುವುದು ಒಂದೇ ಮಾತು: ‘ಇನ್ನ ಕೂಸಿಗಿ ನಮ್ಮಂಗ ಕೇಳಸ್ತದಾ?’

ಕೇಳಿಸುತ್ತದೆ, ಆದರೆ ನಮ್ಮ ಹಾಗಲ್ಲ.

ಒಳಗಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡಿದೆ. ಅದರ ಒಳಸಾಲಿನಲ್ಲಿರುವ ಸುಮಾರು 3,500 ರೋಮಕೋಶಗಳು ಸದ್ದನ್ನು ನರಕ್ಕೆ ಮುಟ್ಟಿಸುತ್ತವೆ. ಬುಡದಲ್ಲಿ ಕೀಚಲು ಸದ್ದು, ತುದಿಯಲ್ಲಿ ದಪ್ಪ ಸದ್ದು. ಹಾರ್ಮೋನಿಯಮ್ಮಿನ ಮನೆಗಳಂತೆ ಪ್ರತಿ ಸ್ವರಕ್ಕೂ ಅದರದೇ ಜಾಗ. ಈ ಕೋಶಗಳು ಹಾಳಾದಾಗ ಇಂಪ್ಲಾಂಟ್ ಅವನ್ನು ದಾಟಿ ನೇರವಾಗಿ ನರವನ್ನೇ ತಟ್ಟುತ್ತದೆ. ಕಿವಿಯ ಹಿಂದಿನ ಪ್ರೊಸೆಸರ್ ಸದ್ದನ್ನು ಪಟ್ಟಿ ಪಟ್ಟಿಯಾಗಿ ಬಿಡಿಸುತ್ತದೆ. ಅಯಸ್ಕಾಂತದಿಂದ ತಲೆಗೆ ಅಂಟಿದ ಕಾಯಿಲ್ ಅದನ್ನು ಚರ್ಮದ ಆಚೆಗೆ ದಾಟಿಸುತ್ತದೆ. ಒಳಗಿನ ಎಳೆಯಲ್ಲಿ ಇರುವ ಎಲೆಕ್ಟ್ರೋಡುಗಳು, ಕಂಪನಿಗೆ ತಕ್ಕಂತೆ, 12ರಿಂದ 22. ಮೂರೂವರೆ ಸಾವಿರ ಕೋಶಗಳ ಕೆಲಸವನ್ನು ಇಷ್ಟೇ ಎಲೆಕ್ಟ್ರೋಡುಗಳು ಹೊರಬೇಕು. ಅಷ್ಟಾದರೂ ಪೂರ್ತಿ ದಕ್ಕುವುದಿಲ್ಲ. ಕಾಕ್ಲಿಯಾದ ದ್ರವದಲ್ಲಿ ಕರೆಂಟು ಹರಡಿ ಪಕ್ಕದ ಜಾಗವನ್ನೂ ತಟ್ಟುವುದರಿಂದ, ಹಲವರಿಗೆ ನಿಜವಾಗಿ ಬೇರೆ ಬೇರೆಯಾಗಿ ಒದಗುವ ದಾರಿಗಳು ಎಂಟರ ಆಸುಪಾಸು.

ಮಾತಿಗೆ ಇಷ್ಟು ಸಾಕಾಗುತ್ತದೆ ಎಂಬುದೇ ಸೋಜಿಗ. 1995ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಶಾನನ್ ಮತ್ತು ಸಂಗಡಿಗರು ಮಾತನ್ನು ಬರೀ ನಾಲ್ಕು ಪಟ್ಟಿಗೆ ಇಳಿಸಿದರು. ಪ್ರತಿ ಪಟ್ಟಿಯಲ್ಲೂ, ಸಿಗ್ನಲ್ ಹೋದ ರೇಡಿಯೋದಲ್ಲಿ ಬರುವಂಥ ‘ಸರ್’ ಎಂಬ ಸದ್ದು ತುಂಬಿ, ಕಿವಿ ನೆಟ್ಟಗಿದ್ದವರಿಗೆ ಕೇಳಿಸಿದರು. ಕೆಲ ಗಂಟೆಗಳ ಅಭ್ಯಾಸದ ಮೇಲೆ ಅವರು ವಾಕ್ಯಗಳನ್ನು ಹೆಚ್ಚುಕಡಿಮೆ ಪೂರ್ತಿ ಹಿಡಿದರು. ಮಾತಿನ ಜೀವ ಬಹುಮಟ್ಟಿಗೆ ಸದ್ದು ಜೋರಾಗಿ ಮೆಲ್ಲಗಾಗುವ ಏರಿಳಿತದಲ್ಲಿ, ಅದರ ಹೊತ್ತಿನ ಅಳತೆಯಲ್ಲಿ ಇದೆ. ಇಂಪ್ಲಾಂಟ್ ಚೆನ್ನಾಗಿ ಸಾಗಿಸುವುದೂ ಅದನ್ನೇ.

ಇಲ್ಲಿ ಕನ್ನಡಕ್ಕೊಂದು ಅನುಕೂಲವಿದೆ. ‘ಕಡು’ ಮತ್ತು ‘ಕಾಡು’, ‘ಬಿಡು’ ಮತ್ತು ‘ಬೀಡು’ ಬೇರಾಗುವುದು ಮುಖ್ಯವಾಗಿ ಸ್ವರವನ್ನು ಎಷ್ಟು ಹೊತ್ತು ಎಳೆದೆವು ಎಂಬುದರಿಂದ. ಆ ಅಳತೆ ಮೆಷಿನ್ನಿನಲ್ಲಿ ಕಳೆದುಹೋಗುವುದಿಲ್ಲ. ಮನೆಮಂದಿಯ ಪ್ರಶ್ನೆಯನ್ನೇ ನೋಡಿ. ‘ಕೇಳಸ್ತದ’ ಎಂದರೆ ಹೇಳಿಕೆ. ಕೊನೆಯ ಅಕ್ಷರ ಎಳೆದು ‘ಕೇಳಸ್ತದಾ’ ಎಂದರೆ ಪ್ರಶ್ನೆ. ದನಿ ಏರಿತೋ ಇಳಿಯಿತೋ ಗೊತ್ತಾಗದ ಮಗುವಿಗೂ ಆ ದೀರ್ಘ ಸಿಗುತ್ತದೆ. ಚೀನಾದ ಮ್ಯಾಂಡರಿನ್ ಭಾಷೆಯಲ್ಲಿ ದನಿ ಏರಿದರೆ ಒಂದು ಪದ, ಇಳಿದರೆ ಇನ್ನೊಂದು. ಅಲ್ಲಿನ ಇಂಪ್ಲಾಂಟ್ ಮಕ್ಕಳಿಗೆ ದನಿಯ ಏರಿಳಿತ ಸಿಗದ ಕಷ್ಟ ಹೆಚ್ಚು.

ತೊಡಕು ಬರುವುದು ‘ಬಲೆ’ ಮತ್ತು ‘ಬಳೆ’, ‘ಕಲ್ಲು’ ಮತ್ತು ‘ಕಳ್ಳು’ ಎದುರಾದಾಗ. ಇವುಗಳ ಅಂತರ ನಾಲಗೆ ಎಲ್ಲಿ ತಾಗಿತು ಎಂಬುದರಲ್ಲಿದೆ. ಅದನ್ನು ತೋರಿಸುವ ಸೂಕ್ಷ್ಮ ಸ್ವರಭೇದ ಎಂಟು ದಾರಿಗಳಲ್ಲಿ ಮಸುಕಾಗುತ್ತದೆ. ಪ, ತ, ಕ ಕೂಡ ಕಲೆಸಿಹೋಗಬಹುದು. ‘ಪ’ ಅನ್ನುವಾಗ ತುಟಿ ಮುಚ್ಚುವುದು ಕಣ್ಣಿಗೆ ಕಾಣುವುದರಿಂದ, ಎದುರು ಕೂತು ಮಾತಾಡಿದರೆ ಅರ್ಧ ತೊಡಕು ಬಗೆಹರಿಯುತ್ತದೆ. ಸಂತೆ, ಬಸ್ ನಿಲ್ದಾಣದ ಗದ್ದಲದಲ್ಲಂತೂ ಮುಖ ಕಾಣುವುದು ಇನ್ನೂ ಅಗತ್ಯ.

ಆಪರೇಷನ್ ಮುಗಿದು ಕೆಲ ವಾರಗಳಿಗೆ ‘ಸ್ವಿಚ್ ಆನ್’ ಮಾಡುತ್ತಾರೆ. ಆಮೇಲೆ ಕರೆಂಟಿನ ಮಟ್ಟವನ್ನು ಮಗುವಿಗೆ ಹೊಂದಿಸುವ ಮ್ಯಾಪಿಂಗ್ ಮತ್ತೆ ಮತ್ತೆ, ವರ್ಷಗಟ್ಟಲೆ ಥೆರಪಿ. ಕೇಂದ್ರದ ಅಡಿಪ್ ಯೋಜನೆ ಬಡಮಕ್ಕಳಿಗೆ ಇಂಪ್ಲಾಂಟನ್ನು ಉಚಿತವಾಗಿ ಕೊಡುತ್ತದೆ; ದಿನದಿನದ ದುಡಿಮೆ ಮಾತ್ರ ಹೆಚ್ಚಾಗಿ ತಾಯಿಯದು. ಬೆಳಿಗ್ಗೆ ಮೆಷಿನ್ ಹಾಕಿದೊಡನೆ ಆಕೆ ಸೆರಗಿನಿಂದ ಬಾಯಿ ಮರೆಮಾಡಿಕೊಂಡು ಆರು ಸದ್ದು ಮಾಡುತ್ತಾಳೆ: ಆ, ಈ, ಊ, ಮ್, ಶ್, ಸ್. ಪ್ರತಿ ಸದ್ದಿಗೂ ಮಗು ಡಬ್ಬಿಗೆ ಒಂದೊಂದು ಗೋಲಿ ಹಾಕಬೇಕು. ‘ಸ್’ ಅಂದಾಗ ಗೋಲಿ ಕೈಯಲ್ಲೇ ಉಳಿದರೆ ಕೀಚಲು ಸದ್ದು ಮುಟ್ಟುತ್ತಿಲ್ಲದಿರಬಹುದು. ಬ್ಯಾಟರಿ, ವೈರು, ಮ್ಯಾಪಿಂಗ್ ನೋಡಿಸಬೇಕು. ಇದಕ್ಕೆ ಲಿಂಗ್ ಪರೀಕ್ಷೆ ಎಂದು ಹೆಸರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಕನ್ನಡ ಪದಪಟ್ಟಿಗಳನ್ನೂ ವಾಕ್ಯಪಟ್ಟಿಗಳನ್ನೂ ಸಿದ್ಧಪಡಿಸಿದ್ದಾರೆ. ಆದರೆ ಸಂತಪುರಕ್ಕೆ ಮೈಸೂರು ರಾಜ್ಯದ ಇನ್ನೊಂದು ತುದಿ. ಬೀದರಿನಲ್ಲೇ, ಬೀದರಿನ ಕನ್ನಡದಲ್ಲೇ ಥೆರಪಿ ಸಿಗುವಂತಾಗಬೇಕು.

ಸಂಗೀತದ ಕತೆ ಬೇರೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ವೈದ್ಯ ಗ್ರೇಮ್ ಕ್ಲಾರ್ಕ್ 1978ರ ಆಗಸ್ಟ್ 1ರಂದು ರಾಡ್ ಸಾಂಡರ್ಸ್ ಎಂಬವರಿಗೆ ಹಲವು ಎಲೆಕ್ಟ್ರೋಡುಗಳ ಇಂಪ್ಲಾಂಟ್ ಅಳವಡಿಸಿದರು. ಪರೀಕ್ಷೆಯ ಹೊತ್ತಿನಲ್ಲಿ ರಾಷ್ಟ್ರಗೀತೆ ‘ಗಾಡ್ ಸೇವ್ ದಿ ಕ್ವೀನ್’ ಧಾಟಿ ನುಡಿಸಿದಾಗ ಅವರು ತಟ್ಟನೆ ಎದ್ದು ನೆಟ್ಟಗೆ ನಿಂತರು. ಗೊತ್ತಿರುವ ಹಾಡಿನ ಲಯ ಸಿಕ್ಕರೆ ಗುರುತು ಹತ್ತುತ್ತದೆ. ಲಯ ತೆಗೆದು ಬರೀ ಧಾಟಿ ಕೊಟ್ಟರೆ ಇಂಪ್ಲಾಂಟ್ ಹಾಕಿಕೊಂಡವರಲ್ಲಿ ಹೆಚ್ಚಿನವರು ತಡವರಿಸುತ್ತಾರೆ.

ಕಾರಣ ಲೆಕ್ಕದಲ್ಲೇ ಇದೆ. ಬಿಲಾವಲ್ ಮತ್ತು ಯಮನ್ ರಾಗಗಳ ಸ್ವರಗಳಲ್ಲಿ ಬೇರೆಯಾಗಿರುವುದು ಮಧ್ಯಮ ಒಂದೇ, ಅಲ್ಲಿ ಶುದ್ಧ, ಇಲ್ಲಿ ತೀವ್ರ. ಹಾರ್ಮೋನಿಯಮ್ಮಿನಲ್ಲಿ ಅಕ್ಕಪಕ್ಕದ ಮನೆ, ಕಂಪನದಲ್ಲಿ ಸುಮಾರು ಶೇ. 6ರ ಅಂತರ. ಇಂಪ್ಲಾಂಟಿನಲ್ಲಿ ಹಲವರಿಗೆ ಇಂಥ ನಾಲ್ಕಾರು ಮನೆ ದಾಟಿದರೇ ಸ್ವರ ಬದಲಾದದ್ದು ತಿಳಿಯುವುದು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಮಸುಕಾಗುತ್ತದೆ; ತೀನತಾಲದ ಹದಿನಾರು ಮಾತ್ರೆ ಮಾತ್ರ ಹಾಗೇ ಉಳಿಯುತ್ತದೆ. ಇನ್ನೊಂದು ಕಿವಿಯಲ್ಲಿ ದಪ್ಪ ಸದ್ದು ತುಸುವಾದರೂ ಉಳಿದಿದ್ದರೆ ಅದಕ್ಕೆ ಹಿಯರಿಂಗ್ ಏಡ್ ಹಾಕುವುದು ಧಾಟಿ ಹಿಡಿಯಲು ನೆರವಾಗುತ್ತದೆ.

ದೊಡ್ಡವರಾದ ಮೇಲೆ ಕಿವಿ ಕಳೆದುಕೊಂಡವರು ಹಳೆಯ ಹಾಡಿನ ನೆನಪಿಗೆ ಹೋಲಿಸಿ ನೋಯುವುದುಂಟು. ಎಳವೆಯಲ್ಲೇ ಇಂಪ್ಲಾಂಟ್ ಆದ ಮಕ್ಕಳಿಗೆ ಆ ಹೋಲಿಕೆಯೇ ಇಲ್ಲ. ಅವರಲ್ಲಿ ಬಹಳ ಮಂದಿ ಹಾಡುತ್ತಾರೆ, ಕುಣಿಯುತ್ತಾರೆ. ಆದ್ದರಿಂದ ‘ಅದಕ್ಕೇನು ತಿಳಿಯುತ್ತದೆ’ ಎಂದು ಮಗುವನ್ನು ಭಜನೆಯಿಂದ ದೂರ ಇಡಬೇಡಿ. ತಬಲಾದವರ ಪಕ್ಕದಲ್ಲಿ ಕೂರಿಸಿ, ಕೈಗೊಂದು ಜೊತೆ ತಾಳ ಕೊಡಿ.