ಆರು ಕೈ, ಒಂದು ಕಥೆ

ರಜೆಯ ಮಧ್ಯಾಹ್ನ. ಹೊರಗೆ ಮಳೆ, ಒಳಗೆ ಮನೆ ತುಂಬ ಮೊಮ್ಮಕ್ಕಳು. ಮೊಬೈಲಿಗಾಗಿ ಜಗಳ ಶುರುವಾಗುವ ಮೊದಲೇ ಒಂದು ಆಟ ಹೂಡೋಣ. ಎಲ್ಲರೂ ಸೇರಿ ಚಿತ್ರದಲ್ಲಿ ಕಥೆ ಕಟ್ಟುವ ಆಟ ಇದು.

ಚಿತ್ರದಲ್ಲಿ ಕಥೆ ಹೇಳುವುದು ನಮಗೆ ಹೊಸದಲ್ಲ. ಹಂಪಿಯ ಹಜಾರರಾಮ ದೇವಾಲಯದ ಗೋಡೆಗಳನ್ನು ನೋಡಿದ್ದೀರಾ? 15ನೇ ಶತಮಾನದ ಆ ಗುಡಿಯ ಮೇಲೆ ರಾಮಾಯಣವನ್ನು ಸಾಲುಸಾಲಾಗಿ ಕೆತ್ತಿದ್ದಾರೆ. ಸುತ್ತು ಬಂದಂತೆ ಕಥೆಯೂ ಮುಂದೆ ಸಾಗುತ್ತದೆ. ಜಪಾನಿನಲ್ಲಿ 1930ರ ದಶಕದಲ್ಲಿ ಕಥೆಗಾರರು ಸೈಕಲ್ಲಿನ ಮೇಲೆ ಮರದ ಚೌಕಟ್ಟು ಹೇರಿಕೊಂಡು ಬೀದಿಬೀದಿಗೆ ಬರುತ್ತಿದ್ದರು. ಮೊದಲು ಮಕ್ಕಳಿಗೆ ಮಿಠಾಯಿ ಮಾರುವುದು, ಆಮೇಲೆ ಚಿತ್ರದ ಹಾಳೆಗಳನ್ನು ಒಂದೊಂದಾಗಿ ಸರಿಸುತ್ತ ಕಥೆ ಹೇಳುವುದು. ಅದರ ಹೆಸರು ಕಾಮಿಶಿಬಾಯಿ, ಅಂದರೆ ಕಾಗದದ ನಾಟಕ.

ಈಗ ನಮ್ಮ ಆಟ. ಆರು ಜನ ದುಂಡಗೆ ಕುಳಿತುಕೊಳ್ಳಿ. ಒಬ್ಬೊಬ್ಬರಿಗೆ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಹಾಳೆಯನ್ನು ಉದ್ದಕ್ಕೆ ಎರಡಾಗಿ, ಅಡ್ಡಕ್ಕೆ ಮೂರಾಗಿ ಮಡಿಸಿ ಬಿಚ್ಚಿದರೆ ಚೌಕಾಬಾರದ ಹಾಗೆ ಆರು ಮನೆಗಳು ಸಿಗುತ್ತವೆ.

ಮೊದಲ ಮನೆಯಲ್ಲಿ ಎಲ್ಲರೂ ತಮಗೆ ಇಷ್ಟವಾದ ಒಂದು ಪಾತ್ರವನ್ನು ಬರೆಯಿರಿ. ಅದಕ್ಕೊಂದು ಗುರುತಿರಲಿ: ಉದ್ದ ಮೀಸೆಯೋ, ಚುಕ್ಕಿ ಟೋಪಿಯೋ. ಯಾರ ಕೈ ಬದಲಾದರೂ ಪಾತ್ರ ಯಾವುದೆಂದು ಆಗ ತಿಳಿಯುತ್ತದೆ. ಮೂರು ನಿಮಿಷವಾದ ಕೂಡಲೇ ಅಜ್ಜಿ ಚಪ್ಪಾಳೆ ತಟ್ಟಲಿ. ಹಾಳೆ ಬಲಗಡೆಯವರ ಕೈಗೆ ಹೋಗಲಿ. ಅವರು ಹಿಂದಿನ ಚಿತ್ರ ನೋಡಿ, "ಆಮೇಲೆ ಏನಾಯಿತು?" ಎಂದು ತಮ್ಮನ್ನೇ ಕೇಳಿಕೊಂಡು ಮುಂದಿನ ಮನೆ ತುಂಬಲಿ. ಆರನೆಯ ಮನೆಯಲ್ಲಿ ಕಥೆ ಮುಗಿಯಬೇಕು. ಆಮೇಲೆ ಹಾಳೆ ಮೊದಲಿನವರ ಕೈಗೇ ಮರಳುತ್ತದೆ. ಅವರು ಅದನ್ನು ಎಲ್ಲರಿಗೂ ತೋರಿಸುತ್ತ ಕಥೆ ಹೇಳಬೇಕು. ಇಪ್ಪತ್ತು ನಿಮಿಷದಲ್ಲಿ ಆರು ಕಥೆ ಸಿದ್ಧ!

ನಿಯಮ ಮೂರೇ. ಬರೆಯುವಾಗ ಮಾತಿಲ್ಲ, ಅಕ್ಷರವೂ ಇಲ್ಲ. ಇನ್ನೊಬ್ಬರ ಚಿತ್ರವನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. "ನನಗೆ ಬರೆಯೋಕೆ ಬರಲ್ಲ" ಎನ್ನುವಂತಿಲ್ಲ. ಕಡ್ಡಿ ಗೊಂಬೆಯೂ ಚಿತ್ರವೇ.

ಈ ಮೂರನೆಯ ನಿಯಮ ನಮ್ಮ ಮನೆಯಲ್ಲಿ ಹುಟ್ಟಿದ್ದು ತಾತನಿಂದ. "ನನ್ನ ಕೈ ನಡುಗುತ್ತೆ, ನನ್ನನ್ನ ಬಿಟ್ಟುಬಿಡಿ" ಎಂದು ಅವರು ಮೂಲೆಯ ಕುರ್ಚಿ ಹಿಡಿದಿದ್ದರು. ಮಕ್ಕಳು ಬಿಡಲಿಲ್ಲ. ಕೊನೆಗೆ ಒಂದು ಎಮ್ಮೆ ಬರೆದರು. ಗೆರೆಯೆಲ್ಲ ಅಂಕುಡೊಂಕು. ದೊಡ್ಡ ಹುಡುಗರು ಮುಸಿಮುಸಿ ನಕ್ಕರು. ತಾತ ಹಾಳೆಯನ್ನು ಮಗುಚಿಹಾಕಿದರು.

ಪಕ್ಕದಲ್ಲಿದ್ದವಳು ಏಳು ವರ್ಷದ ಮೊಮ್ಮಗಳು. ಹಾಳೆಯನ್ನು ಎಳೆದುಕೊಂಡು ಎರಡನೆಯ ಮನೆಯಲ್ಲಿ ಮಳೆ ಸುರಿಸಿದಳು, ಎಮ್ಮೆಗೊಂದು ಕಂಬಳಿ ಹೊದಿಸಿದಳು. ಕಥೆ ಹೇಳುವ ಹೊತ್ತಿಗೆ ಕೇಳಿದಳು, "ತಾತಾ, ನಿಮ್ಮ ಎಮ್ಮೆ ಚಳಿಗೆ ನಡುಗ್ತಾ ಇತ್ತು ಅಲ್ವಾ?"

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೌದು ಪುಟ್ಟಿ, ನಮ್ಮನೇಲೂ ಒಂದಿತ್ತು" ಎಂದರು. ಊರ ಹೊಳೆ ಉಕ್ಕಿದ ರಾತ್ರಿ ಎಮ್ಮೆಯನ್ನು ಹಗ್ಗ ಹಿಡಿದು ದಿಬ್ಬ ಹತ್ತಿಸಿದ ಕಥೆ ಅಂದು ಹೊರಬಂತು. ಅವರ ಮಕ್ಕಳಾದ ನಾವೂ ಅದನ್ನು ಅದುವರೆಗೆ ಕೇಳಿರಲಿಲ್ಲ. ನಕ್ಕಿದ್ದ ಹುಡುಗರು ಕುರ್ಚಿಯ ಹತ್ತಿರ ಜರುಗಿ ಕುಳಿತರು.

ಆಟ ಮುಗಿದ ಮೇಲೆ ಹಾಳೆಗಳನ್ನು ಎಸೆಯಬೇಡಿ. ಕಿಟಕಿಗೆ ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಿಂದ ತೂಗುಹಾಕಿ. ಮೂಲೆಯಲ್ಲಿ ಆರು ಜನರ ಹೆಸರು, ತಾರೀಖು ಬರೆದಿಡಿ. ನಮ್ಮ ಎಮ್ಮೆ ಇನ್ನೂ ಅಲ್ಲೇ ಇದೆ, ಕಂಬಳಿ ಹೊದ್ದುಕೊಂಡು.